ಸ್ಟಾರ್ ನೋಡಿ ಸಿನಿಮಾ ಆರಿಸ್ಬೇಡಿ, ವಿಮರ್ಶಕರನ್ನ ಪರಿಚಯ ಮಾಡ್ಕೊಳ್ಳಿ: ರಿವ್ಯೂ ಓದೋದು ಹೇಗೆ

ಹೊಸ ಸಿನಿಮಾ ಬಂತು ಅಂದ್ರೆ ನಮ್ಮಲ್ಲಿ ತುಂಬಾ ಜನ ಮಾಡೋದು ಒಂದೇ ಕೆಲಸ, ಫೋನ್ ತೆಗೆದು ಎಷ್ಟು ಸ್ಟಾರ್ ಕೊಟ್ಟಿದಾರೆ ಅಂತ ನೋಡೋದು, ಮೂರೂವರೆ ಇದ್ರೆ ಟಿಕೆಟ್ ಬುಕ್, ಎರಡೂವರೆ ಇದ್ರೆ ಬಿಡು ಓಟಿಟಿಗೆ ಬಂದಾಗ ನೋಡಿದ್ರಾಯ್ತು. ನಾನೂ ವರ್ಷಗಟ್ಟಲೆ ಹೀಗೇ ಮಾಡಿದೀನಿ. ಒಂದ್ಸಲ ದೊಡ್ಡ ಹೆಸರೇನೂ ಇಲ್ಲದ ಒಂದು ಸಿನಿಮಾ ಬಂದಿತ್ತು, ನಾನು ಯಾವಾಗ್ಲೂ ಓದೋ ವಿಮರ್ಶಕರು ಎರಡೂವರೆ ಕೊಟ್ಟಿದ್ರು, ಅಷ್ಟು ನೋಡಿ ಸುಮ್ನಾದೆ, ಒಂದೇ ವಾರಕ್ಕೆ ಥಿಯೇಟರಿಂದ ಎತ್ಬಿಟ್ರು. ಎಷ್ಟೋ ತಿಂಗಳಾದ್ಮೇಲೆ ಮನೇಲಿ ನೋಡ್ದೆ, ಮುಗಿದ ಮೇಲೂ ಕೂತ ಜಾಗದಿಂದ ಏಳೋಕಾಗ್ಲಿಲ್ಲ. ಆಮೇಲೆ ಅದೇ ರಿವ್ಯೂ ಹುಡುಕಿ ಈ ಸಲ ಪೂರ್ತಿ ಓದ್ದೆ. ಕೊರತೆ ಅಂತ ಅವ್ರು ಬರೆದಿದ್ದು ಮೂರು: ಮಾತು ಕಡಿಮೆ, ಮನೆಯೊಳಗಿನ ಕೆಲಸಗಳನ್ನೇ ತುಂಬಾ ಹೊತ್ತು ತೋರಿಸ್ತಾರೆ, ಕೊನೇಲಿ ಏನಾಯ್ತು ಅಂತ ಬಿಡಿಸಿ ಹೇಳಲ್ಲ. ನನಗೆ ಆ ಸಿನಿಮಾದಲ್ಲಿ ಇಷ್ಟ ಆಗಿದ್ದೂ ಸರಿಯಾಗಿ ಆ ಮೂರೇ. ಅವ್ರು ಇದ್ದಿದ್ದನ್ನ ಇದ್ದ ಹಾಗೇ ಬರೆದಿದ್ರು, ಸ್ಟಾರ್ ಒಂದು ನೋಡದೇ ಕೆಳಗಿನ ನಾಲ್ಕು ಪ್ಯಾರಾ ಓದಿದ್ರೆ ಮೊದಲನೇ ದಿನಾನೇ ದೊಡ್ಡ ಪರದೆ ಮೇಲೆ ನೋಡಿರ್ತಿದ್ದೆ.

ಅಲ್ಲಿಂದ ನಾನು ರಿವ್ಯೂ ಓದೋ ರೀತಿನೇ ಬದಲಾಯಿಸ್ಕೊಂಡೆ, ಅದನ್ನೇ ಇಲ್ಲಿ ಬರೀತಿದೀನಿ. ಇದು ವಿಮರ್ಶೆ ಬರೆಯೋದು ಹೇಗೆ ಅಂತ ಅಲ್ಲ, ಬೇರೆಯವ್ರು ಬರೆದಿದ್ದನ್ನ ನಮ್ಮ ಉಪಯೋಗಕ್ಕೆ ತಗೊಳ್ಳೋದು ಹೇಗೆ ಅಂತ.

ಮೊದಲು ನಾಲ್ಕೈದು ಜನ ಸಿಗ್ಬೇಕು

ನಿಮ್ಮ ಭಾಷೇಲಿ, ನಿಮ್ಮ ಕಡೆ ರಿಲೀಸ್ ಆಗೋ ಸಿನಿಮಾ, ಸೀರೀಸ್ ಬಗ್ಗೆ ತಪ್ಪದೇ ಬರೆಯೋ ಅಥವಾ ಮಾತಾಡೋ ನಾಲ್ಕೈದು ಜನರನ್ನ ಹುಡುಕಿ. ಪೇಪರಲ್ಲಿ ಬರೆಯೋರು ಆಗ್ಬಹುದು, ರೇಡಿಯೋದಲ್ಲಿ ಮಾತಾಡೋರು ಆಗ್ಬಹುದು, ಯೂಟ್ಯೂಬಲ್ಲಿ ಹತ್ತು ನಿಮಿಷ ಕೂತು ವಿವರಿಸೋರು ಆಗ್ಬಹುದು. ದೇಶ ವಿದೇಶದ ದೊಡ್ಡ ಹೆಸರುಗಳಿಗಿಂತ ಹತ್ತಿರದವ್ರು ಯಾಕೆ ಅಂತ ಕೇಳಿದ್ರೆ, ಮೊದಲನೇದಾಗಿ ಚಿಕ್ಕ ಭಾಷೆಯ ಚಿಕ್ಕ ಸಿನಿಮಾನ ನೋಡಿ ಅದರ ಬಗ್ಗೆ ಬರೆಯೋರೇ ಇವ್ರು. ದೊಡ್ಡ ರೇಟಿಂಗ್ ಸೈಟ್‌ಗಳಲ್ಲಿ ಅಂಥ ಸಿನಿಮಾಗೆ ಒಂದು ನಂಬರ್ ಬರೋಷ್ಟು ರಿವ್ಯೂಗಳೇ ಸೇರಿರಲ್ಲ, ಹಾಗಾಗಿ ಅಲ್ಲಿ ಖಾಲಿ ಕಾಣತ್ತೆ, ನಾವು ಖಾಲಿ ನೋಡಿ ಸಿನಿಮಾನೇ ಚೆನ್ನಾಗಿಲ್ಲ ಅಂದ್ಕೊಂಡ್ಬಿಡ್ತೀವಿ.

ಎರಡನೇ ಕಾರಣ ಇನ್ನೂ ಮುಖ್ಯ, ಅದು ಮಾತು. ಪಾತ್ರ ಒಂದು ಸೀಮೆಯವ್ಳು ಅಂತ ತೋರಿಸಿ ಬಾಯಲ್ಲಿ ಇನ್ಯಾವುದೋ ಸೀಮೆಯ ಮಾತು ಆಡಿಸಿದ್ರೆ ಹೊರಗಿನ ವಿಮರ್ಶಕರಿಗೆ ಗೊತ್ತೇ ಆಗಲ್ಲ, ಅವ್ರು ಸಬ್‌ಟೈಟಲ್ ಓದ್ಕೊಂಡು ನೋಡ್ತಿರ್ತಾರೆ. ಆ ಭಾಷೆ ಕೇಳಿ ಬೆಳೆದವ್ರಿಗೆ ಎರಡನೇ ಡೈಲಾಗಿಗೇ ಕಿವಿ ಚುಚ್ಚತ್ತೆ. ಡಬ್ಬಿಂಗ್ ಆಗಿರೋ ಸಿನಿಮಾ ಆದ್ರೂ ಅಷ್ಟೇ, ತುಟಿಗೆ ಮಾತು ಕೂತಿದ್ಯಾ, ಬೈಗುಳ ಬಯ್ಗುಳದ ಹಾಗೆ ಕೇಳ್ಸತ್ತಾ, ಜೋಕಿಗೆ ನಗು ಬರತ್ತಾ ಅನ್ನೋದನ್ನ ನಿಮ್ಮ ಭಾಷೆಯವ್ರೇ ಹೇಳ್ಬೇಕು. ಸಬ್‌ಟೈಟಲ್ ಅರ್ಧಂಬರ್ಧ ಇದ್ರೆ, ಹಾಡಿಗೆ ಸಬ್‌ಟೈಟಲ್ಲೇ ಹಾಕಿಲ್ಲ ಅಂದ್ರೆ, ಅದನ್ನ ಗಮನಿಸಿ ಬರೆಯೋ ವಿಮರ್ಶಕರು ಸಿಕ್ರೆ ಬಿಡ್ಲೇಬೇಡಿ.

ಆರಿಸ್ಕೊಳ್ಳೋವಾಗ ಎಲ್ಲರೂ ನಿಮ್ಮ ರುಚಿಯವ್ರೇ ಆಗಿರ್ಬಾರ್ದು, ಇದು ನೆನಪಿಟ್ಕೊಳ್ಳಿ. ಒಬ್ರು ಕತೆ ಹಿಡಿದು ಮಾತಾಡೋರು, ಒಬ್ರು ಕ್ಯಾಮೆರಾ ಎಡಿಟಿಂಗ್ ನೋಡೋರು, ಒಬ್ರು ಫೈಟು ಹಾಡು ಸಂಭ್ರಮ ಇಷ್ಟಪಡೋರು, ಹೀಗೆ ಬೇರೆ ಬೇರೆ ಇದ್ರೇ ಒಳ್ಳೇದು. ನಿಮಗೆ ಯಾವಾಗ್ಲೂ ಉಲ್ಟಾ ಹೊಡಿಯೋ ಒಬ್ರು ಇರ್ಲೇಬೇಕು! ನನ್ನ ಪಟ್ಟೀಲಿ ಅಂಥೋರು ಒಬ್ರಿದಾರೆ, ಅವ್ರು "ತುಂಬಾ ನಿಧಾನ, ತಾಳ್ಮೆ ಪರೀಕ್ಷೆ" ಅಂದ್ರೆ ನಾನು ಅವತ್ತೇ ಟಿಕೆಟ್ ನೋಡ್ತೀನಿ. ಅವ್ರ ಮೇಲೆ ನನಗೆ ನಿಜವಾಗ್ಲೂ ಗೌರವ ಇದೆ, ಯಾಕಂದ್ರೆ ಅವ್ರ ರುಚಿ ಒಂದೇ ಕಡೆ ಗಟ್ಟಿಯಾಗಿ ನಿಂತಿದೆ, ಇವತ್ತೊಂದು ನಾಳೆ ಒಂದು ಹೇಳಲ್ಲ. ಅಭಿಪ್ರಾಯ ಸೇರ್ಬೇಕು ಅಂತೇನಿಲ್ಲ, ಅದು ಯಾವ ಕಡೆ ವಾಲತ್ತೆ ಅಂತ ನಮಗೆ ಗೊತ್ತಿದ್ರೆ ಸಾಕು.

ಒಂದು ನೋಟ್‌ಬುಕ್ ಇಡಿ

ಇದೇ ಮುಖ್ಯ ಕೆಲಸ, ಸ್ವಲ್ಪ ತಾಳ್ಮೆ ಬೇಕು. ನೀವು ಈಗಾಗ್ಲೇ ನೋಡಿರೋ, ನಿಮ್ಮ ಅಭಿಪ್ರಾಯ ನಿಮಗೆ ಸ್ಪಷ್ಟವಾಗಿ ಗೊತ್ತಿರೋ ಐದು ಸಿನಿಮಾ ಆರಿಸ್ಕೊಳ್ಳಿ. ಎರಡು ತುಂಬಾ ಇಷ್ಟ ಆಗಿದ್ದು, ಎರಡು ಅರ್ಧಕ್ಕೇ ಎದ್ದು ಬರ್ಬೇಕು ಅನ್ನಿಸಿದ್ದು, ಒಂದು ಜನ ಎಲ್ಲ ಹೊಗಳಿದ್ರೂ ನಿಮಗೆ ಯಾಕೋ ಹಿಡಿಸದೇ ಇದ್ದಿದ್ದು. ಈ ಐದಕ್ಕೂ ನಿಮ್ಮ ನಾಲ್ಕೈದು ವಿಮರ್ಶಕರು ಆಗ ಏನು ಹೇಳಿದ್ರು ಅಂತ ಹಳೇ ರಿವ್ಯೂ ಹುಡುಕಿ ಓದಿ.

ನನ್ನ ನೋಟ್‌ಬುಕ್ಕಲ್ಲಿ ಒಂದು ಪುಟಕ್ಕೆ ನಾಲ್ಕು ಕಾಲಂ ಇದೆ. ಮೊದಲನೇದು ಸಿನಿಮಾ ಹೆಸರು. ಎರಡನೇದ್ರಲ್ಲಿ ವಿಮರ್ಶಕರು ಹೊಗಳಿದ ಒಂದು ವಿಷಯ, ಮೂರನೇದ್ರಲ್ಲಿ ತೆಗಳಿದ ಒಂದು ವಿಷಯ, ನಾಲ್ಕನೇದು ನನ್ನದು. ಸ್ಟಾರಿಗೆ ಕಾಲಮ್ಮೇ ಇಲ್ಲ. ಉದಾಹರಣೆಗೆ ಒಂದು ಸಾಲು ಹೀಗಿದೆ, ಹೊಗಳಿದ್ದು: "ತಂದೆ ಪಾತ್ರದವ್ರ ಅಭಿನಯ, ಅದ್ರಲ್ಲೂ ಆಸ್ಪತ್ರೆ ಸೀನ್". ತೆಗಳಿದ್ದು: "ತಂಗಿ ಪಾತ್ರಕ್ಕೆ ಕೆಲಸಾನೇ ಇಲ್ಲ". ನನ್ನದು: "ಆಸ್ಪತ್ರೆ ಸೀನಲ್ಲಿ ಮ್ಯೂಸಿಕ್ ಜಾಸ್ತಿ ಆಯ್ತು, ಅಳು ಬರೋದು ನಿಂತೋಯ್ತು. ತಂಗಿ ವಿಷಯ ನಿಜ, ನನಗೂ ಹಾಗೇ ಅನ್ಸಿತ್ತು". ಇಷ್ಟೇ. ಇಂಥ ಹತ್ತು ಹದಿನೈದು ಸಾಲು ಆದ್ಮೇಲೆ ಪುಟ ತಿರುವಿ ನೋಡಿದ್ರೆ ಒಬ್ಬೊಬ್ರ ಸ್ವಭಾವ ಕಾಣೋಕೆ ಶುರು ಆಗತ್ತೆ. ಇವ್ರಿಗೆ ಭಾವುಕ ದೃಶ್ಯ ಬಂದ್ರೆ ಬೇರೆ ಎಲ್ಲ ಮಾಫಿ, ಅವ್ರು ಹೆಣ್ಣು ಪಾತ್ರಗಳನ್ನ ಹೇಗೆ ಬರೆದಿದಾರೆ ಅಂತ ಖಂಡಿತ ನೋಡ್ತಾರೆ, ಇನ್ನೊಬ್ರು ಕಾಮಿಡಿ ಸಿನಿಮಾ ಯಾವುದಕ್ಕೂ ಮೂರರ ಮೇಲೆ ಕೊಟ್ಟೇ ಇಲ್ಲ. ಕೊನೇದು ಗೊತ್ತಾದ್ಮೇಲೆ ಅವ್ರು ಒಂದು ಕಾಮಿಡಿಗೆ ಮೂರು ಕೊಟ್ರೆ ಅದು ನಮ್ಮ ಲೆಕ್ಕದಲ್ಲಿ ನಾಲ್ಕು.

ಸ್ಟಾರ್, ಪರ್ಸೆಂಟ್, ಗ್ರೇಡ್ ಮೂರೂ ಬೇರೆ ಬೇರೆ

ಸ್ಟಾರ್ ಕೊಡೋ ಪದ್ಧತಿ ಹಳೇದು. 1928ರಲ್ಲಿ ನ್ಯೂಯಾರ್ಕ್ ಡೈಲಿ ನ್ಯೂಸ್ ಪತ್ರಿಕೆಯ ವಿಮರ್ಶಕಿ ಐರೀನ್ ಥೈರರ್ ಸಿನಿಮಾಗೆ ಸ್ಟಾರ್ ಕೊಡೋಕೆ ಶುರು ಮಾಡಿದ್ರು, ಆಗ ಮೂರೇ ಗರಿಷ್ಠ. ಆಮೇಲೆ ಕೆಲವ್ರು ನಾಲ್ಕು, ಕೆಲವ್ರು ಐದು ಮಾಡ್ಕೊಂಡ್ರು. ಹಾಗಾಗಿ "ಮೂರು ಸ್ಟಾರ್" ಅಂದ್ರೆ ಎಷ್ಟಕ್ಕೆ ಮೂರು ಅಂತ ಮೊದಲು ನೋಡ್ಬೇಕು, ನಾಲ್ಕಕ್ಕೆ ಮೂರು ಅಂದ್ರೆ ಚೆನ್ನಾಗಿದೆ ಅಂತ, ಐದಕ್ಕೆ ಮೂರು ಅಂದ್ರೆ ಪರ್ವಾಗಿಲ್ಲ ಅಂತ. ಶಿಕಾಗೋ ಸನ್ ಟೈಮ್ಸ್‌ನಲ್ಲಿ 1967ರಿಂದ 2013ರಲ್ಲಿ ತೀರಿಕೊಳ್ಳೋವರೆಗೂ ಸಿನಿಮಾ ವಿಮರ್ಶೆ ಬರೆದ ರೋಜರ್ ಎಬರ್ಟ್ ಕೊಡ್ತಿದ್ದಿದ್ದು ನಾಲ್ಕಕ್ಕೆ. ಸ್ಟಾರ್ ಅನ್ನೋದು ಸಾಪೇಕ್ಷ ಅಂತ ಅವ್ರೇ ವಿವರಿಸಿದ್ರು, ಹೊಡೆದಾಟದ ಸಿನಿಮಾನ ಹೊಡೆದಾಟದ ಸಿನಿಮಾಗಳ ಪಕ್ಕ ಇಟ್ಟೇ ಅಳೀಬೇಕು, ಗಂಭೀರ ಚಿತ್ರದ ಪಕ್ಕ ಇಟ್ಟು ಅಲ್ಲ. ಇದನ್ನ ತಿಳ್ಕೊಂಡ್ರೆ ಒಂದು ಮಸಾಲಾ ಚಿತ್ರಕ್ಕೂ ಒಂದು ಕಲಾತ್ಮಕ ಚಿತ್ರಕ್ಕೂ ಅದೇ ಮೂರೂವರೆ ಹೇಗೆ ಕೊಟ್ರು ಅನ್ನೋ ಸಿಟ್ಟು ಹೋಗತ್ತೆ.

ರಾಟನ್ ಟೊಮ್ಯಾಟೋಸ್ ಅನ್ನೋ ರೇಟಿಂಗ್ ಸೈಟಿನ ಪರ್ಸೆಂಟ್ ವಿಷಯದಲ್ಲಿ ಎಷ್ಟು ಜನ ಮೋಸ ಹೋಗ್ತಾರೆ ಅಂದ್ರೆ ನನಗೆ ಬೇಜಾರಾಗತ್ತೆ. ಅದು ಮಾರ್ಕ್ಸ್ ಅಲ್ಲ. 1998ರಲ್ಲಿ ಶುರುವಾದ ಆ ಸೈಟಲ್ಲಿ ವಿಮರ್ಶಕರ ಪರ್ಸೆಂಟ್ ಅಂದ್ರೆ ನೂರಕ್ಕೆ ಎಷ್ಟು ರಿವ್ಯೂಗಳು ಒಟ್ಟಾರೆ ಪಾಸಿಟಿವ್ ಅಂತ, 60 ಅಥವಾ ಮೇಲಿದ್ರೆ ಫ್ರೆಶ್, ಕೆಳಗಿದ್ರೆ ರಾಟನ್. ಲೆಕ್ಕ ಹಾಕಿ ನೋಡಿ: ಹತ್ತು ಜನ ವಿಮರ್ಶಕರು ಒಂದು ಸಿನಿಮಾಗೆ ಎಲ್ಲರೂ ಐದಕ್ಕೆ ಮೂರೂವರೆ ಕೊಟ್ಟು ಒಂದ್ಸಲ ನೋಡ್ಬಹುದು ಅಂದ್ರು, ಅದಕ್ಕೆ 100 ಪರ್ಸೆಂಟ್. ಇನ್ನೊಂದು ಸಿನಿಮಾಗೆ ಆರು ಜನ ಐದಕ್ಕೆ ಐದು ಕೊಟ್ಟು ತಲೆ ಮೇಲೆ ಹೊತ್ಕೊಂಡ್ರು, ನಾಲ್ಕು ಜನ ಒಂದೇ ಸ್ಟಾರ್ ಕೊಟ್ಟು ಬೈದ್ರು, ಅದಕ್ಕೆ 60 ಪರ್ಸೆಂಟ್. ನಾನಾದ್ರೆ ಎರಡನೇದಕ್ಕೆ ಹೋಗ್ತೀನಿ, ಯಾಕಂದ್ರೆ ಜಗಳ ಹುಟ್ಟಿಸೋ ಸಿನಿಮಾದಲ್ಲಿ ಏನೋ ಒಂದು ಇದ್ದೇ ಇರತ್ತೆ. ಮೆಟಾಕ್ರಿಟಿಕ್ ಅನ್ನೋ ಇನ್ನೊಂದು ಸೈಟ್ ಹಾಗಲ್ಲ, ಅಲ್ಲಿ ಪ್ರತಿ ರಿವ್ಯೂನ ನೂರಕ್ಕೆ ಇಷ್ಟು ಅಂತ ಅಂಕ ಮಾಡಿ, ಕೆಲವು ಪತ್ರಿಕೆಗಳಿಗೆ ಜಾಸ್ತಿ ತೂಕ ಕೊಟ್ಟು ಸರಾಸರಿ ತೆಗೀತಾರೆ. ಸಿನಿಮಾಸ್ಕೋರ್ ಅಂತ ಇನ್ನೊಂದಿದೆ, ಅದು ಅಮೆರಿಕ ಕಡೆ ಥಿಯೇಟರಿಗೆ ಮೊದಲ ದಿನ ಬಂದ ಪ್ರೇಕ್ಷಕರನ್ನ ಕೇಳಿ ಎ ಪ್ಲಸ್‌ನಿಂದ ಎಫ್‌ವರೆಗೆ ಕೊಡೋ ಗ್ರೇಡ್. ಮೊದಲ ದಿನ ದುಡ್ಡು ಕೊಟ್ಟು ಬಂದವ್ರು ಆಗ್ಲೇ ಆ ಸಿನಿಮಾ ಮೇಲೆ ಆಸೆ ಇಟ್ಕೊಂಡೇ ಬಂದಿರ್ತಾರೆ, ಹಾಗಾಗಿ ಆ ಗ್ರೇಡ್ ಹೇಳೋದು ಆಸೆ ಈಡೇರ್ತಾ ಇಲ್ವಾ ಅಂತ.

ಕಲೆಕ್ಷನ್ ವಿಮರ್ಶೆ ಅಲ್ಲ. ಇದನ್ನ ಹೆಚ್ಚು ಹೇಳೋದೂ ಬೇಡ.

ಒಂದೊಂದು ಸಾಲನ್ನೂ ಬಿಡಿಸಿ ಓದಿ

ಯಾವ ರಿವ್ಯೂನಲ್ಲಾದ್ರೂ ಮೂರು ಥರ ಸಾಲು ಇರತ್ತೆ. ಮಾಹಿತಿ, ವರ್ಣನೆ, ತೀರ್ಪು. "ಚಿತ್ರದ ಅವಧಿ ಎರಡು ಗಂಟೆ ನಲವತ್ತು ನಿಮಿಷ" ಮಾಹಿತಿ. "ಮೊದಲ ಅರ್ಧ ಗಂಟೆ ನಾಯಕ ಬಸ್ಸಲ್ಲಿ ಕೂತು ಕಿಟಕಿ ಹೊರಗೆ ನೋಡ್ತಾನೆ, ಒಬ್ಬೊಬ್ರೇ ಬಂದು ಪಕ್ಕ ಕೂತು ಮಾತಾಡಿ ಇಳಿದು ಹೋಗ್ತಾರೆ" ವರ್ಣನೆ. "ಬೋರು" ತೀರ್ಪು. ತೀರ್ಪು ಅವ್ರದು, ವರ್ಣನೆ ನಿಮಗೆ. ಆ ಬಸ್ಸಿನ ಸಾಲು ಓದಿ ನನಗೆ ಬಾಯಲ್ಲಿ ನೀರು ಬರತ್ತೆ, ನಿಮಗೆ ನಿದ್ದೆ ಬರ್ಬಹುದು, ಇಬ್ರಿಗೂ ಆ ಒಂದೇ ಸಾಲಿಂದ ಸರಿಯಾದ ಉತ್ತರ ಸಿಕ್ತು ನೋಡಿ. ಒಳ್ಳೇ ವಿಮರ್ಶಕರು ಅಂದ್ರೆ ಇದೇ, ತಮ್ಮ ತೀರ್ಪು ತಪ್ಪು ಅನ್ಸಿದ್ರೂ ಓದೋರಿಗೆ ದಾರಿ ಸಿಗೋ ಹಾಗೆ ವರ್ಣನೆ ಬರೆದಿರ್ತಾರೆ.

ಬರೀ ತೀರ್ಪೇ ಇರೋ ರಿವ್ಯೂ ಬಿಟ್ಬಿಡಿ. ಮತ್ತೆ ಮತ್ತೆ ಬರೋ ಕೆಲವು ಮಾತುಗಳಿಗೆ ನಾನು ನನ್ನದೇ ಅರ್ಥ ಕಟ್ಕೊಂಡಿದೀನಿ. "ಸೆಕೆಂಡ್ ಹಾಫ್ ಲ್ಯಾಗ್" ಅಂದ್ರೆ ಯಾಕೆ ಅಂತ ಹುಡುಕಿ, ಹಾಡು ತುರುಕಿದಾರಾ, ಫ್ಲ್ಯಾಶ್‌ಬ್ಯಾಕ್ ಉದ್ದ ಆಯ್ತಾ, ಅಥವಾ ಕತೆ ವೇಗ ಬಿಟ್ಟು ಪಾತ್ರದ ಒಳಗೆ ಇಳಿಯೋಕೆ ಹೋಯ್ತಾ, ಮೂರನೇದಾದ್ರೆ ಅದು ಕೊರತೆನೇ ಅಲ್ಲ. "ಒನ್ ಟೈಮ್ ವಾಚ್" ಅಂದ್ರೆ ಸಾಮಾನ್ಯವಾಗಿ ವಿಮರ್ಶಕರಿಗೆ ಇಷ್ಟ ಆಗಿಲ್ಲ, ಬೈಯ್ಯೋ ಮನಸ್ಸೂ ಇಲ್ಲ. "ಮೇಕಿಂಗ್ ಸೂಪರ್" ಅಂತ ಮಾತ್ರ ಹೇಳಿ ಕತೆ ಬಗ್ಗೆ ಸುಮ್ನಿದ್ರೆ ಕತೆ ಇಲ್ಲ ಅಂತಾನೇ ಇಟ್ಕೊಳ್ಳಿ. "ಬಿಜಿಎಂ (ಹಿನ್ನೆಲೆ ಸಂಗೀತ) ಎತ್ತಿ ಹಿಡಿದಿದೆ" ಅಂದ್ರೆ ಯಾವುದನ್ನ ಎತ್ತಿ ಹಿಡೀಬೇಕಾಯ್ತು, ಅದು ಯಾಕೆ ತಾನಾಗೇ ನಿಲ್ಲಲಿಲ್ಲ ಅಂತ ಕೇಳ್ಕೊಳ್ಳಿ. "ಫ್ಯಾಮಿಲಿ ಸಮೇತ ನೋಡ್ಬಹುದು" ಅನ್ನೋದು ಗುಣದ ಬಗ್ಗೆ ಏನೂ ಹೇಳಲ್ಲ, ಮುಜುಗರದ ಸೀನ್ ಇಲ್ಲ ಅಂತ ಅಷ್ಟೇ ಹೇಳತ್ತೆ, ಆದ್ರೆ ಮಕ್ಕಳನ್ನ ಕರ್ಕೊಂಡು ಹೋಗೋರಿಗೆ ಅದೂ ಬೇಕಾದ ಮಾತೇ.

ಸ್ಪಾಯ್ಲರ್ ಭಯ, ಅಂದ್ರೆ ಕತೆಯ ಗುಟ್ಟು ಮುಂಚೆನೇ ಗೊತ್ತಾಗ್ಬಿಡತ್ತೆ ಅನ್ನೋ ಭಯ ಇದ್ರೆ ಮೊದಲ ಪ್ಯಾರಾ, ಕೊನೇ ಪ್ಯಾರಾ ಓದಿ, ಮಧ್ಯ ಬಿಡಿ. ಕತೆ ಹೇಳೋ ಕೆಲಸ ಸಾಮಾನ್ಯವಾಗಿ ಎರಡು ಮೂರನೇ ಪ್ಯಾರಾದಲ್ಲಿ ಇರತ್ತೆ. ಸಿನಿಮಾ ನೋಡಿ ಬಂದು ಆ ಬಿಟ್ಟ ಮಧ್ಯಭಾಗ ಓದೋ ಖುಷಿನೇ ಬೇರೆ, ನೀವು ನೋಡಿದ ಅದೇ ಸೀನಲ್ಲಿ ನೀವು ಗಮನಿಸದೇ ಇದ್ದ ಒಂದು ಕನ್ನಡಿ, ಒಂದು ಬಾಗಿಲು, ಅಮ್ಮನ ಪಾತ್ರದವ್ರು ಮಾತಾಡೋ ಮುಂಚೆ ತಡೆದ ಅರ್ಧ ಸೆಕೆಂಡು ಯಾರೋ ಎತ್ತಿ ತೋರಿಸಿರ್ತಾರೆ. ವಿಮರ್ಶೆ ಅನ್ನೋದು ನೋಡೋಕೆ ಮುಂಚೆಗಿಂತ ನೋಡಿದ ಮೇಲೇ ಹೆಚ್ಚು ಉಪಯೋಗ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ಯಾವಾಗ ಬಂದ ರಿವ್ಯೂ ಅಂತಾನೂ ನೋಡಿ

ಪ್ರೆಸ್ ಶೋ ನೋಡಿ ಬರೆದಿದ್ದು, ಮೊದಲ ದಿನ ಮೊದಲ ಶೋ ನೋಡಿ ಬರೆದಿದ್ದು, ವಾರ ಆದ್ಮೇಲೆ ಬರೆದಿದ್ದು, ಮೂರೂ ಬೇರೆ ಬೇರೆ ಥರ ಓದಿಸ್ಕೊಳ್ತವೆ. ಮುಂಚೆನೇ ತೋರಿಸಿದ್ರೆ ನಿರ್ಮಾಪಕರು ಇಂಥ ದಿನ ಇಷ್ಟು ಹೊತ್ತಿನವರೆಗೂ ರಿವ್ಯೂ ಹಾಕ್ಬಾರ್ದು ಅಂತ ಷರತ್ತು ಹಾಕಿರ್ತಾರೆ, ಅದಕ್ಕೆ ಎಂಬಾರ್ಗೋ ಅಂತಾರೆ, ಅದಕ್ಕೇ ಒಂದೇ ಗಂಟೇಲಿ ಎಲ್ಲರ ರಿವ್ಯೂ ದಬದಬ ಅಂತ ಬೀಳೋದು. ವಿಮರ್ಶಕರಿಗೆ ಮುಂಚೆ ತೋರಿಸ್ಲೇ ಇಲ್ಲ ಅಂದ ಮಾತ್ರಕ್ಕೆ ಸಿನಿಮಾ ಕೆಟ್ಟದು ಅಂತಲ್ಲ, ಆದ್ರೆ ದೊಡ್ಡ ಪ್ರಚಾರ ಮಾಡಿ ಅವ್ರಿಗೆ ಮಾತ್ರ ತೋರಿಸದೇ ಇದ್ರೆ ನಾನು ಒಂದು ದಿನ ಕಾಯ್ತೀನಿ. ಥಿಯೇಟರ್ ಮುಂದೆ ಮೈಕ್ ಹಿಡಿದು ಕೇಳೋ ಪಬ್ಲಿಕ್ ಟಾಕ್ ವಿಡಿಯೋಗಳು ವಿಮರ್ಶೆ ಅಲ್ಲ, ಅದು ಹುಮ್ಮಸ್ಸು. ಎರಡು ಗಂಟೆ ಶಿಳ್ಳೆ ಹೊಡೆದು ಹೊರಗೆ ಬಂದವ್ರ ಹತ್ರ ಆ ಕ್ಷಣಕ್ಕೆ ಬೇರೆ ಏನು ಉತ್ತರ ಸಿಗತ್ತೆ, ಪಾಪ.

ಅವಸರದಲ್ಲಿ ಬರೆದ ರಿವ್ಯೂಗೆ ಸ್ವಲ್ಪ ರಿಯಾಯಿತಿ ಕೊಡಿ. ಶೋ ಮುಗಿದ ಮೂರು ಗಂಟೇಲಿ ಕಾಪಿ ಕೊಡ್ಬೇಕು ಅಂದ್ರೆ ಯಾರಾದ್ರೂ ಕತೆ, ಅಭಿನಯ, ಸಂಗೀತ ಅಂತ ಕ್ರಮವಾಗಿ ತುಂಬಿಸಿ ಕಳಿಸ್ತಾರೆ. ಅದೇ ವ್ಯಕ್ತಿ ಹತ್ತು ದಿನ ಆದ್ಮೇಲೆ ಅದೇ ಸಿನಿಮಾ ಬಗ್ಗೆ ಬರೆದ್ರೆ ಬೇರೇನೇ ಇರತ್ತೆ, ಅಂಥದ್ದು ಸಿಕ್ರೆ ಎತ್ತಿಟ್ಕೊಳ್ಳಿ.

ಸೀರೀಸ್, ಟಿವಿ ಶೋ ಆದ್ರೆ ಲೆಕ್ಕ ಬೇರೆ

ಸಿನಿಮಾ ರಿವ್ಯೂ ಬರೆಯೋರು ಪೂರ್ತಿ ಸಿನಿಮಾ ನೋಡಿರ್ತಾರೆ. ಸೀರೀಸ್ ರಿವ್ಯೂ ಬರೆಯೋರಿಗೆ ಎಷ್ಟೋ ಸಲ ಮೊದಲ ಕೆಲವು ಎಪಿಸೋಡ್ ಮಾತ್ರ ಮುಂಚೆ ಕಳಿಸಿರ್ತಾರೆ. ಹಾಗಾಗಿ ಎಷ್ಟು ಎಪಿಸೋಡ್ ನೋಡಿ ಬರೆದಿದಾರೆ ಅಂತ ಮೊದಲು ಹುಡುಕಿ, ಪ್ರಾಮಾಣಿಕರು ಅದನ್ನ ರಿವ್ಯೂನಲ್ಲೇ ಹೇಳಿರ್ತಾರೆ. ಎಂಟರಲ್ಲಿ ನಾಲ್ಕು ನೋಡಿ ನಾಲ್ಕು ಸ್ಟಾರ್ ಕೊಟ್ಟಿದ್ರೆ ಅದು ಅರ್ಧ ಸೀರೀಸಿನ ರಿವ್ಯೂ. ಕೊಲೆ ಪತ್ತೆ ಮಾಡೋ ಕತೆಗಳಲ್ಲಂತೂ ಕೊನೆ ಎರಡು ಎಪಿಸೋಡ್ ಕೈಕೊಟ್ರೆ ಮುಂಚಿನ ಆರೂ ವ್ಯರ್ಥ ಅನ್ಸತ್ತೆ, ಅದಕ್ಕೆ ಆ ಥರದ್ದಕ್ಕೆ ಸೀಸನ್ ಮುಗಿದ ಮೇಲೆ ಬರೋ ಬರಹಕ್ಕೆ ಕಾಯೋದು ಒಳ್ಳೇದು.

ಮೊದಲ ಎಪಿಸೋಡ್ ನೋಡಿ ಕೊಟ್ಟ ತೀರ್ಪನ್ನ ಅಷ್ಟಾಗಿ ನಂಬ್ಬೇಡಿ, ಹಾಸ್ಯದ ಶೋಗಳಿಗೆ ಪಾತ್ರಗಳು ಕೂತ್ಕೊಳ್ಳೋಕೆ ಟೈಮ್ ಬೇಕು. ದಿನಾ ಬರೋ ಧಾರಾವಾಹಿಗೆ ಮಾಮೂಲಿ ವಿಮರ್ಶೆ ಕೆಲಸ ಮಾಡಲ್ಲ, ನೂರು ಎಪಿಸೋಡ್ ಆಗೋಷ್ಟರಲ್ಲಿ ಕತೆನೇ ಬೇರೆ ದಾರಿ ಹಿಡಿದಿರತ್ತೆ. ಅಲ್ಲಿ ದಿನಾ ತಪ್ಪದೇ ನೋಡೋರ ಮಾತೇ ಮೇಲು, ನಿಮ್ಮ ಚಿಕ್ಕಮ್ಮ ಒಬ್ರು ಯಾವ ಪಾತ್ರಕ್ಕೆ ಯಾಕೆ ಸಿಟ್ಟು ಬಂತು ಅಂತ ವಿವರವಾಗಿ ಹೇಳೋರಾಗಿದ್ರೆ ಅವ್ರನ್ನ ಕೇಳಿ.

ದುಡ್ಡು ತಗೊಂಡು ಬರೆದಿದಾರಾ?

ಈ ಪ್ರಶ್ನೆ ಎಲ್ಲರಿಗೂ ಬರತ್ತೆ. ನಾನು ನೋಡೋ ಗುರುತು ಇಷ್ಟು: ಒಂದಾದ್ರೂ ದೃಶ್ಯನ ಬಿಡಿಸಿ ಹೇಳಿದಾರಾ, ಒಂದಾದ್ರೂ ಕೊರತೆ ಹೆಸರಿಟ್ಟು ಹೇಳಿದಾರಾ, ನಾಲ್ಕು ಕಡೆ ಅದೇ ಪದಗಳು ಅದೇ ಕ್ರಮದಲ್ಲಿ ಬಂದಿದ್ಯಾ. ದೃಶ್ಯ ಇಲ್ಲದೇ ತಂಡದವ್ರ ಹೆಸರು ಮಾತ್ರ ಸಾಲಾಗಿ ಇದ್ರೆ ಅದು ಪ್ರೆಸ್ ನೋಟ್. ವಿಡಿಯೋ ಆದ್ರೆ ಪೇಯ್ಡ್ ಪ್ರಮೋಷನ್ ಅಂತ ಗುರುತು ಹಾಕಿದಾರಾ ನೋಡಿ. ಆದ್ರೆ ನಿಮಗೆ ಇಷ್ಟವಾದ ಹೀರೋ ಸಿನಿಮಾಗೆ ಕಡಿಮೆ ಸ್ಟಾರ್ ಕೊಟ್ರು ಅಂತ ದುಡ್ಡಿನ ಆರೋಪ ಹೊರಿಸೋದು ತುಂಬಾ ತಪ್ಪು. ಸಿನಿಮಾ ಒಬ್ರಿಗೆ ಹಿಡಿಸದೇ ಇರೋದು ದಿನಾ ನಡೆಯೋ ವಿಷಯ. ಎಬರ್ಟ್ ಮತ್ತೆ ಜೀನ್ ಸಿಸ್ಕೆಲ್ ಇಬ್ರೂ ಒಂದೇ ಊರಿನ ಎರಡು ಪೈಪೋಟಿ ಪತ್ರಿಕೆಯವ್ರು, 1975ರಿಂದ ಟಿವೀಲಿ ಅಕ್ಕಪಕ್ಕ ಕೂತು ಒಂದೇ ಸಿನಿಮಾ ಬಗ್ಗೆ ಕೈ ತೋರಿಸ್ಕೊಂಡು ಜಗಳ ಆಡ್ತಿದ್ರು, ಆಮೇಲಿನ ವರ್ಷಗಳಲ್ಲಿ ಒಬ್ರು ಹೆಬ್ಬೆರಳು ಮೇಲೆ ಅಂದ್ರೆ ಇನ್ನೊಬ್ರು ಕೆಳಗೆ. ನೋಡೋರು ಆ ಜಗಳದಿಂದಾನೇ ತಮಗೆ ಯಾವುದು ಸರಿಹೋಗತ್ತೆ ಅಂತ ತೀರ್ಮಾನ ಮಾಡ್ಕೊಳ್ತಿದ್ರು.

ನಿಮ್ಮ ವಿಮರ್ಶಕರ ಜೊತೆ ನೀವೂ ಹಾಗೇ ಮಾತಾಡಿ. ಒಪ್ಪಿಗೆ ಇಲ್ಲ ಅಂದ್ರೆ ಒಂದು ಸೀನ್ ಹೆಸರು ಹೇಳಿ ಬರೀರಿ, "ಸರ್, ಆ ಸೇತುವೆ ಮೇಲಿನ ಸೀನ್ ಅನವಶ್ಯಕ ಅಂದ್ರಿ, ಅಲ್ಲಿ ಅವಳು ಚಪ್ಪಲಿ ಬಿಟ್ಟು ನಡೀತಾಳಲ್ವಾ, ಮೊದಲ ಸೀನಲ್ಲಿ ಅಪ್ಪನೂ ಹಾಗೇ ನಡೆದಿದ್ದ" ಅಂತ. ನಾನು ಹೀಗೆ ಒಬ್ರಿಗೆ ಬರೆದಿದ್ದೆ, ಎರಡು ದಿನ ಬಿಟ್ಟು ಉತ್ತರ ಬಂತು, ಮತ್ತೊಂದ್ಸಲ ನೋಡ್ದೆ, ಅದು ನನ್ನ ಕಣ್ಣಿಗೆ ಬಿದ್ದಿರ್ಲಿಲ್ಲ ಅಂತ. ಖಾಲಿ ಥಿಯೇಟರಲ್ಲಿ ನಾಲ್ಕೇ ಜನರ ಜೊತೆ ಕೂತು ಚಿಕ್ಕ ಸಿನಿಮಾ ನೋಡಿ ಬರೆಯೋರಿಗೆ ಇಂಥ ಒಂದು ಕಾಗದ ಎಷ್ಟು ದೊಡ್ಡದು ಅಂತ ಆ ಉತ್ತರ ಓದಿದಾಗ ಗೊತ್ತಾಯ್ತು.

ಇನ್ನೊಂದು ಮಾತು, ನೋಟ್‌ಬುಕ್ಕಿನ ನಾಲ್ಕನೇ ಕಾಲಂ ಸಿನಿಮಾ ನೋಡಿದ ರಾತ್ರಿನೇ ತುಂಬಿಸಿ, ಬೇರೆ ಯಾರ ರಿವ್ಯೂನೂ ತೆಗೆಯೋಕೆ ಮುಂಚೆ. ಎರಡೇ ಸಾಲು ಸಾಕು, ಯಾವ ಸೀನಲ್ಲಿ ಫೋನ್ ಕಡೆ ಕೈ ಹೋಯ್ತು, ಯಾವ ಸೀನಲ್ಲಿ ಪಕ್ಕದವ್ರ ಕೈ ಹಿಡ್ಕೊಂಡ್ರಿ.